ಬೆಳಕಿಂಡಿಯ ಕೆಳಗಿನ ಒಲೆ

ನಾನು ಆ ಮನೆಗೆ ಸೊಸೆಯಾಗಿ ಹೋದಾಗ ಅಡುಗೆಮನೆಯ ಗೋಡೆ ಯಾವ ಬಣ್ಣದ್ದು ಎಂದು ಯಾರಿಗೂ ನೆನಪಿರಲಿಲ್ಲ. ನೆಲದಿಂದ ಸೂರಿನವರೆಗೂ ಮಸಿ. ಕೋಲಾರದ ಕಡೆಯ ಹಳೆಯ ಮನೆಗಳ ಹಾಗೆ ನಮ್ಮದೂ ಕಲ್ಲು ಚಪ್ಪಡಿ ಹೊದಿಸಿದ ಮನೆ. ಅಡುಗೆಮನೆಯ ಚಪ್ಪಡಿಗಳ ನಡುವೆ ಮೊಳದಗಲದ ಒಂದು ಬೆಳಕಿಂಡಿ. ಬೆಳಕು ಬರುವುದೂ ಅಲ್ಲಿಂದಲೇ, ಹೊಗೆ ಹೋಗುವುದೂ ಅಲ್ಲಿಂದಲೇ. ಮಳೆ ಬಂದರೆ ಯಾರಾದರೂ ಮೇಲೆ ಹತ್ತಿ ಒಂದು ಕಲ್ಲು ಮುಚ್ಚಿ ಬರುತ್ತಿದ್ದರು. ಆಮೇಲೆ ಕಣ್ಣು ಮುಚ್ಚಿಕೊಂಡೇ ಅಡುಗೆ.

ನನ್ನದು ಮುಳಬಾಗಿಲು ಕಡೆ, ಬೈರಕೂರಿನ ಹತ್ತಿರದ ಊರು. ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ, ಅದರ ಜಂಬವೂ ಇತ್ತು. ಎಪ್ಪತ್ತರ ದಶಕದ ನಡುವಿನಲ್ಲಿ ಕ್ಯಾಲನೂರಿನಿಂದ ಒಂದು ಮೈಲಿ ಒಳಗಿರುವ ಊರಿಗೆ ನನ್ನನ್ನು ಕೊಟ್ಟರು. ರಾಗಿ, ಹಿಪ್ಪುನೇರಳೆ, ನಾಲ್ಕು ಹಸು ಇದ್ದ ಮನೆ. ಅಣ್ಣ, ತಮ್ಮ ಇಬ್ಬರು. ನಾನು ತಮ್ಮನ ಹೆಂಡತಿ. ಅಣ್ಣನ ಹೆಂಡತಿ ನನಗಿಂತ ಐದು ವರ್ಷ ಮೊದಲು ಮಾಲೂರು ತಾಲ್ಲೂಕಿನ ಮಾಸ್ತಿ ಕಡೆಯಿಂದ ಬಂದವಳು. ಅವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಎಲ್ಲರ ಮೇಲೆ ಅತ್ತೆ. ಅಕ್ಕನಿಗೆ ಮೂರು ಮಕ್ಕಳು, ನನಗೆ ಎರಡು. ಹತ್ತು ಹೊಟ್ಟೆಗೆ ಒಂದೇ ಒಲೆ.

ಒಲೆ ಹಚ್ಚುವುದು ಅಕ್ಕನ ಕೆಲಸ. ಹಿಟ್ಟು ತೊಳಸುವುದೂ ಅವಳದೇ. ನಮ್ಮ ಕಡೆ ಮುದ್ದೆಗೆ ಹಿಟ್ಟು ಎನ್ನುತ್ತೇವೆ. ನಾನು ಕಾರ ಅರೆಯುತ್ತಿದ್ದೆ, ಸಾರು ನೋಡಿಕೊಳ್ಳುತ್ತಿದ್ದೆ. ರೇಷ್ಮೆಹುಳು ಮೇಯ್ದು ಬಿಟ್ಟ ಹಿಪ್ಪುನೇರಳೆ ಕಡ್ಡಿ, ನೀಲಗಿರಿ ಸೊಪ್ಪು, ಬೆರಣಿ, ಯಾವುದು ಸಿಕ್ಕಿದರೆ ಅದನ್ನು ಉರಿಸುತ್ತಿದ್ದೆವು. ಬೆಳಿಗ್ಗೆ ಒಲೆ ಹಚ್ಚಿದ ಕೂಡಲೇ ಅಕ್ಕನಿಗೆ ಕೆಮ್ಮು ಶುರುವಾಗುತ್ತಿತ್ತು. ಮೊದಮೊದಲು ಒಲೆ ಆರಿದರೆ ಕೆಮ್ಮೂ ನಿಲ್ಲುತ್ತಿತ್ತು. ವರ್ಷ ಕಳೆದ ಹಾಗೆ ಅದು ಒಲೆಯನ್ನು ಕಾಯುವುದನ್ನು ಬಿಟ್ಟಿತು. ಬಾವಿಯಿಂದ ಎರಡು ಕೊಡ ತಂದರೆ ಸಾಕು, ಜಗಲಿಯ ಮೇಲೆ ಕೂತು ಉಸಿರಿಗೆ ಒದ್ದಾಡುತ್ತಿದ್ದಳು.

"ಒಲೆ ಮುಂದೆ ಕೂರೋ ಹೆಂಗಸಿಗೆ ಕೆಮ್ಮು ಬರದೆ ಇನ್ಯಾರಿಗಮ್ಮಾ ಬರ್ತದೆ?" ಎಂದರು ಅತ್ತೆ. ಅವರಿಗೂ ಇತ್ತು. ಅವರತ್ತೆಗೂ ಇತ್ತಂತೆ. ಆ ಮನೆಯಲ್ಲಿ ಕೆಮ್ಮೂ ಒಂದು ಒಡವೆಯ ಹಾಗೆ ಸೊಸೆಯಿಂದ ಸೊಸೆಗೆ ಇಳಿದು ಬಂದಿತ್ತು.

ಎಂಬತ್ತರ ದಶಕ ಶುರುವಾಗಿ ಮೂರು ನಾಲ್ಕು ವರ್ಷವಾಗಿರಬೇಕು. ಬ್ಲಾಕ್ ಆಫೀಸಿನಿಂದ ಒಬ್ಬ ಗ್ರಾಮಸೇವಕಿ ನಮ್ಮ ಊರಿಗೆ ಬಂದು, ಹೊಗೆಯಿಲ್ಲದ ಒಲೆ ಎಂದು ಒಂದಿದೆ, ಕಲಿಯುವವರು ಕೋಲಾರಕ್ಕೆ ಬನ್ನಿ ಎಂದರು. ಓದು ಬಂದವಳು ನಾನೊಬ್ಬಳೇ. ಎರಡು ದಿನ ಬಸ್ಸಿನಲ್ಲಿ ಹೋಗಿ ಬಂದೆ. ಮಣ್ಣಿನದೇ ಒಲೆ. ಮೈ ಮುಚ್ಚಿದ್ದು, ಮೇಲೆ ಸಾಲಾಗಿ ಮೂರು ಬಾಯಿ. ಮುಂದಿನ ಬಾಯಿಯ ಕೆಳಗೆ ಬೆಂಕಿ. ಆ ಬಿಸಿಯೇ ಒಳಗೊಳಗೆ ಹರಿದು ಹಿಂದಿನ ಎರಡು ಪಾತ್ರೆಗಳನ್ನೂ ಬೇಯಿಸಿ, ಕೊನೆಗೆ ಕೊಳವೆಯಲ್ಲಿ ಮೇಲೆ ಹೋಗುತ್ತದೆ. ಸೌದೆ ಅರ್ಧ ಸಾಕು. ಒಂದೇ ಷರತ್ತು, ಪಾತ್ರೆ ಬಾಯಿಗೆ ಬಿರಟೆಯ ಹಾಗೆ ಕೂರಬೇಕು. ಸಂದಿ ಬಿಟ್ಟರೆ ಹೊಗೆಯೆಲ್ಲ ಮುಖಕ್ಕೆ. ಅದಕ್ಕೇ ಆ ಒಲೆಯನ್ನು ಮನೆಯವರ ಪಾತ್ರೆಯ ಅಳತೆಗೇ ಕಟ್ಟುತ್ತಾರೆ.

ವಾಪಸು ಬಂದವಳಿಗೆ ತಲೆಯಲ್ಲಿ ಬೇರೇನೂ ಇರಲಿಲ್ಲ. ಹೊಸ ಕತ್ತಿ ಸಿಕ್ಕವನಿಗೆ ಊರೆಲ್ಲ ಬೇಲಿಯಾಗಿ ಕಾಣುತ್ತದಲ್ಲ, ಹಾಗೆ. ರೇಷ್ಮೆಗೂಡು ತೂಗುವ ತಕ್ಕಡಿ ತಂದು ಒಂದು ವಾರ ದಿನಾ ಸೌದೆ ತೂಗಿದೆ. ಯಾವ ಹೊತ್ತಿಗೆ ಎಷ್ಟು, ಯಾವ ಅಡುಗೆಗೆ ಎಷ್ಟು ಎಂದು ಬರೆದಿಟ್ಟೆ. ಅಕ್ಕ ಒಂದು ಕಡ್ಡಿ ಒಲೆಗೆ ಇಡಬೇಕಾದರೂ "ತಾಳಕ್ಕಾ, ತಾಳು" ಎನ್ನುತ್ತಿದ್ದೆ. ಅವಳು ನಗುತ್ತಿದ್ದಳು. "ನಮ್ಮ ಇಂಜಿನಿಯರಮ್ಮ" ಎಂದು ನೆರೆಯವರಿಗೆ ತೋರಿಸುತ್ತಿದ್ದಳು. ಹಳೆಯ ಕ್ಯಾಲೆಂಡರಿನ ಹಾಳೆ ತಿರುಗಿಸಿ ಅಡುಗೆಮನೆಯ ಪ್ಲಾನು ಬರೆದೆ. ಗೋಡೆ ಎಷ್ಟು ಮೊಳ, ಬಾಗಿಲು ಎಲ್ಲಿ, ಬೆಳಕಿಂಡಿ ಎಲ್ಲಿ, ಎಲ್ಲಾ.

ಬರೆದ ಮೇಲೆ ತೊಡಕು ಕಾಣಿಸಿತು. ಹಳೆಯ ಒಲೆ ಆಗ್ನೇಯ ಮೂಲೆಯಲ್ಲಿತ್ತು. ಹೊಸ ಒಲೆಯ ಕೊಳವೆ ಮೇಲೆ ಹೋಗಬೇಕಾದರೆ ಅಲ್ಲಿ ಚಪ್ಪಡಿ ಕೊರೆಯಬೇಕು. ಹಳೇ ಕಲ್ಲು, ಬಿರಿದರೆ ಸೂರೇ ಹೋಯಿತು. ಆದ್ದರಿಂದ ಹೊಸ ಒಲೆಯನ್ನು ಎದುರು ಗೋಡೆಗೆ, ಬೆಳಕಿಂಡಿಯ ಕೆಳಗೆ ಕಟ್ಟುವುದು, ಕೊಳವೆಯನ್ನು ಬೆಳಕಿಂಡಿಯಲ್ಲೇ ಹಾಯಿಸಿ ಸುತ್ತ ಗಾರೆ ಮೆತ್ತುವುದು ಎಂದು ತೀರ್ಮಾನಿಸಿದೆ.

ಎರಡನೆಯ ತೊಡಕು ಹಿಟ್ಟಿನದು. ಹಿಟ್ಟಿನ ಮಡಕೆಗೆ ಕವೆಗೋಲು ಕೊಟ್ಟು ಕಾಲಲ್ಲಿ ಅದುಮಿ, ಮೈಭಾರವನ್ನೆಲ್ಲ ಕೋಲಿನ ಮೇಲೆ ಹಾಕಿ ತೊಳಸಬೇಕು. ಹತ್ತು ಜನದ ಹಿಟ್ಟು ತೊಳಸಿದರೆ ಆ ಮಣ್ಣಿನ ಬಾಯಿ ವಾರದಲ್ಲಿ ಬಿರಿಯುತ್ತದೆ. ಹಾಗಾಗಿ ಹಿಟ್ಟಿಗೆ ಮಾತ್ರ ಹಳೇ ಒಲೆ, ದಿನಕ್ಕೆ ಎರಡು ಸಲ ಅರ್ಧರ್ಧ ಗಂಟೆ. ಬೇಳೆ, ಕಾಳು, ಹಾಲು, ಮಿಕ್ಕದ್ದೆಲ್ಲ ಹೊಸದರ ಮೇಲೆ. ಪಾತ್ರೆ ಚಿಕ್ಕದಿದ್ದರೆ ಬಿಸಿ ನಿಲ್ಲುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ದೊಡ್ಡ ತಪ್ಪಲೆಯ ಸಾರನ್ನು ಎರಡು ಚಿಕ್ಕ ಪಾತ್ರೆಯಲ್ಲಿ ಮಾಡಿದರಾಯಿತು ಎಂದುಕೊಂಡೆ. ಬೆಳಕಿಂಡಿ ಮುಚ್ಚಿಹೋಗುವುದರಿಂದ ಹಳೇ ಒಲೆಯ ಹೊಗೆಗೆ ಬೇರೆ ದಾರಿ ಬೇಕಿತ್ತು. ಅದಕ್ಕೆ ಆ ಮೂಲೆಯಲ್ಲಿ ಪೂರ್ವದ ಗೋಡೆ ಒಡೆದು ಒಂದು ಕಿಟಕಿ. ಆದರೆ ಅದು ಸುಗ್ಗಿ ಮುಗಿದ ಮೇಲೆ, ಕೆಲಸದವರು ಸಿಕ್ಕಾಗ.

ಈಗಲೂ ಆ ಪ್ಲಾನಿನಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಅಕ್ಕ ಹೊಗೆಯಲ್ಲಿ ಕೂರುವುದು ದಿನಕ್ಕೆ ಏಳೆಂಟು ಗಂಟೆಯಿಂದ ಒಂದು ಗಂಟೆಗೆ ಇಳಿಯುತ್ತಿತ್ತು. ನಾನು ಅಷ್ಟೆಲ್ಲ ಒದ್ದಾಡಿದ್ದು ಆ ಉಸಿರಿಗಾಗಿ. ಸೌದೆ ಉಳಿದರೆ ಅದು ಲಾಭ, ಅಷ್ಟೇ.

ಅತ್ತೆ ಒಪ್ಪಿದರು. ಭಾವನ ಎದುರು ನಿಂತು ಮಾತಾಡುವ ರೂಢಿ ನನಗಿರಲಿಲ್ಲ, ಅದನ್ನೂ ಅತ್ತೆಯೇ ಹೇಳಿದರು. "ಹೊಗೆ ಬರದ ಒಲೆ ಹಾಕಿಸ್ತಾರಂತೆ ಕಣಪ್ಪಾ." ಭಾವ ಹೂಂ ಎಂದು ಹೊಲಕ್ಕೆ ಹೋದರು. ಹಳೇ ಒಲೆ ಕಿತ್ತು ಹೊಸದು ಹಾಕುತ್ತಾರೆ ಎಂದು ಅವರು ತಿಳಿದುಕೊಂಡರೋ ಏನೋ.

ಪಕ್ಕದ ಊರಿನಿಂದ ತರಬೇತಿಯಾದ ಮೇಸ್ತ್ರಿ ಬಂದ. ಜೇಡಿಮಣ್ಣು, ಸೆಗಣಿ, ರಾಗಿ ಹೊಟ್ಟು ತುಳಿದು ಎರಡು ದಿನದಲ್ಲಿ ಒಲೆ ಎಬ್ಬಿಸಿದ. ಬಾಯಿ ಕೂರಿಸುವ ಹೊತ್ತಿಗೆ, "ಯಾವ ಪಾತ್ರೆಗಮ್ಮಾ?" ಎಂದು ಕೇಳಿದ. ನಾನು ಯಾಕೆ, ಏನು ಎಂದು ಅಕ್ಕನಿಗೆ ಆಗಲೇ ಬಿಡಿಸಿ ಹೇಳಿದ್ದೆ. ಅವಳೇ ಮೂರು ಚಿಕ್ಕ ಪಾತ್ರೆ ಬೆಳಗಿ, ತಳಕ್ಕೆ ನೀರು ಸವರಿ ತಂದು ಕೊಟ್ಟಳು. ಅವನು ಹಸಿ ಮಣ್ಣಿಗೆ ಅವನ್ನು ಒತ್ತಿ, ತಿರುಗಿಸಿ, ಎತ್ತಿದ. ಚೆನ್ನಾಗಿ ಬಂತು.

ಒಲೆ ಒಣಗಲು ಹದಿನೈದು ದಿನ ಬಿಟ್ಟೆವು. ಒಂದು ಶುಕ್ರವಾರ ಬೆಳಿಗ್ಗೆ ಸಾರಿಸಿ, ಅರಿಶಿನ ಕುಂಕುಮ ಇಟ್ಟೆ. ಹೊಸ ಒಲೆಯಲ್ಲಿ ಮೊದಲು ಹಾಲು ಉಕ್ಕಿಸಬೇಕು ಎಂದು ಅತ್ತೆ ಹೇಳಿ ಹಸು ಕರೆಯುವ ಕಡೆ ಹೋದರು. ನಾನು ಹಚ್ಚಿದೆ. ಒಂದು ಎಳೆ ಹೊಗೆಯೂ ಇಲ್ಲ. ಕೊಳವೆ ಸುಯ್ಯೆಂದು ಎಳೆಯುತ್ತಿತ್ತು. ನನಗೆ ಕುಣಿಯುವಷ್ಟು ಖುಷಿಯಾಯಿತು. ಹಾಲು ಉಕ್ಕಿ ಒಲೆಯ ಮೈಮೇಲೆ ಇಳಿದಾಗ ಕೈಮುಗಿದೆ. ಅಕ್ಕ ಹಳೇ ಒಲೆಯ ಮುಂದೆ ಹಿಟ್ಟಿಗೆ ಎಸರಿಟ್ಟುಕೊಂಡು ಕೂತಿದ್ದಳು.

ಅದೇ ಹೊತ್ತಿಗೆ ಭಾವ ನೀರು ಕುಡಿಯಲು ಒಳಗೆ ಬಂದರು.

ನಮ್ಮ ಕಡೆಯ ರೂಢಿ ಗೊತ್ತಿಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಅಣ್ಣತಮ್ಮಂದಿರು ಪಾಲಾದರೆ ಮೊದಲು ಬೇರೆಯಾಗುವುದು ಜಮೀನಲ್ಲ, ಒಲೆ. ಹಳೇ ಒಲೆ ಅಣ್ಣನಿಗೆ. ತಮ್ಮನ ಹೆಂಡತಿ ಅದೇ ಸೂರಿನಡಿ ಬೇರೆ ಒಲೆ ಹೂಡಿ, ಹಾಲು ಉಕ್ಕಿಸುತ್ತಾಳೆ. ಅದಾದರೆ ಆಯಿತು. ಪಂಚಾಯಿತಿ, ಪತ್ರ ಎಲ್ಲ ಆಮೇಲಿನದು. ಇದು ನನಗೆ ಗೊತ್ತಿಲ್ಲದ್ದೇನೂ ಅಲ್ಲ. ನನ್ನ ತೌರಿನಲ್ಲೇ ಎರಡು ಸಲ ನೋಡಿದ್ದೆ. ಆದರೆ ಕ್ಯಾಲೆಂಡರಿನ ಹಾಳೆಯ ಮೇಲೆ ಮೊಳ, ಗೇಣು ಬರೆಯುವಾಗ ಅದು ನೆನಪಿಗೇ ಬರಲಿಲ್ಲ. ಅತ್ತೆಗೂ ಬರಲಿಲ್ಲ.

ಭಾವ ಕೈಯಲ್ಲಿ ಚೊಂಬು ಹಿಡಿದು ನಿಂತರು. ಹಾಲು ನೋಡಿದರು, ಕುಂಕುಮ ನೋಡಿದರು. ಒಲೆಯ ಬಾಯಿಗಳನ್ನು ನೋಡಿದರು. ಹತ್ತು ಜನದ ಹಿಟ್ಟಿನ ಮಡಕೆ ಅದರಲ್ಲಿ ಯಾವುದಕ್ಕೂ ಕೂರುವುದಿಲ್ಲ ಎನ್ನುವುದು ಕುರುಡನಿಗೂ ಗೊತ್ತಾಗುವಂತಿತ್ತು. ನಾಲ್ಕು ಜನದ ಒಲೆ. ನಾವು ಗಂಡ, ಹೆಂಡತಿ, ಎರಡು ಮಕ್ಕಳು, ಸರಿಯಾಗಿ ನಾಲ್ಕೇ ಜನ.

ಅಕ್ಕನ ಕಡೆ ತಿರುಗಿ, "ನಿಂಗ್ ಗೊತ್ತಿತ್ತಾ ಇದು?" ಎಂದರು.

ಅಕ್ಕ ಊದುಗೊಳವೆ ಕೆಳಗಿಟ್ಟು, "ನಂಗೇನ್ ಗೊತ್ತು" ಎಂದಳು.

ಗಂಡನಿಗೆ ಹೆದರಿದಳು ಎಂದುಕೊಂಡೆ. ಭಾವ ಹೊರಗೆ ಹೋದರು. ಜಗಲಿಯಲ್ಲಿ ನನ್ನ ಗಂಡನಿಗೆ ಹೇಳುತ್ತಿದ್ದುದು ಒಳಗೆ ಕೇಳಿಸಿತು. "ಪಾಲು ಬೇಕು ಅಂದಿದ್ರೆ ನಾನೇನ್ ಬ್ಯಾಡ ಅಂತಿದ್ನೇನೋ? ಹೆಂಗಸ್ರ ಕೈಲಿ ಒಲೆ ಹಾಕ್ಸಿ ಹೇಳ್ಬೇಕಾಗಿತ್ತಾ?"

ನನ್ನ ಗಂಡ, ಅಲ್ಲಣ್ಣಾ, ಅದು ಹೊಗೆಗೆ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ನಾನು ಬಾಗಿಲ ಹಿಂದೆ ನಿಂತು ಕಾದೆ. ಬಹಳ ಹೊತ್ತಿನ ಮೇಲೆ, "ನಿನ್ನಿಷ್ಟ ಅಣ್ಣ" ಎಂದರು. ಆಗ ನನಗೆ ತಿಳಿಯಿತು, ಇಬ್ಬರೂ ಇದಕ್ಕೇ ಕಾಯುತ್ತಿದ್ದರು. ಮೊದಲು ಬಾಯಿ ಬಿಟ್ಟವನು ಮನೆ ಒಡೆದವನು ಎನ್ನಿಸಿಕೊಳ್ಳಬೇಕಲ್ಲ, ಅದಕ್ಕೆ ಸುಮ್ಮನಿದ್ದರು. ಆ ಹೆಸರು ಈಗ ನನಗೆ ಬಂತು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುತ್ತಾರೆ. ದಾಯಾದಿಗಳಾಗಲು ಒಂದು ನೆಪ ಬೇಕು ಎನ್ನುವುದನ್ನು ಮಾತ್ರ ಹೇಳುವುದಿಲ್ಲ.

ಅತ್ತೆ ಓಡಿ ಬಂದು, "ನಾನೇ ಅಲ್ಲೇನಪ್ಪಾ ಹಾಲುಕ್ಸು ಅಂದಿದ್ದು? ಹೊಗೆ ಬರ್ದೇ ಇರ್ಲಿ ಅಂತ ಕಣೋ!" ಎಂದು ಅತ್ತರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನೂ ಅಳಬೇಕಿತ್ತು. ಕಣ್ಣಿಗೆ ಏನೂ ಬರಲಿಲ್ಲ. ಚೆಲ್ಲಿದ ಹಾಲನ್ನು ಬಟ್ಟೆಯಲ್ಲಿ ಒರೆಸುತ್ತಿದ್ದೆ, ಒಲೆ ಇನ್ನೂ ಬೆಚ್ಚಗಿತ್ತು. ಎಷ್ಟು ಬೇಗ ಕಾದಿದೆಯಲ್ಲ ಎನ್ನಿಸಿತು. ಆ ಹೊತ್ತಿನಲ್ಲಿ ಅನ್ನಿಸಿದ್ದು ಅದೊಂದೇ.

ತಿಂಗಳೊಳಗೆ ಎಲ್ಲ ಮುಗಿಯಿತು. ಹೊಲ, ಹಸು, ಹುಳುವಿನ ತಟ್ಟೆ, ಎಲ್ಲವನ್ನೂ ಎರಡು ಮಾಡಿದರು. ಜಗಳವಾಗಲಿಲ್ಲ. ಅಡುಗೆಮನೆಯ ನಡುವೆ ಎರಡು ಒಲೆಗಳಿಗೂ ಮಧ್ಯೆ ಹಸಿ ಇಟ್ಟಿಗೆಯ ಗೋಡೆ ಎದ್ದಿತು. ನಾನು ಪ್ಲಾನಿನಲ್ಲಿ ಗೀಚಿದ ಯಾವ ಗೆರೆಯೂ ಅಷ್ಟು ನೆಟ್ಟಗೆ ಇರಲಿಲ್ಲ. ಬೆಳಕಿಂಡಿ ನನ್ನ ಪಾಲಿಗೆ ಬಂತು. ಅಕ್ಕನ ಪಾಲಿಗೆ ಆಗ್ನೇಯ ಮೂಲೆ, ಹಳೇ ಒಲೆ, ಪಡಸಾಲೆಗೆ ತೆರೆಯುವ ಒಂದು ಬಾಗಿಲು. ಹೊಗೆಗೆ ಮೊದಲು ಇದ್ದ ಒಂದು ದಾರಿಯೂ ಹೋಯಿತು.

ಪೂರ್ವದ ಗೋಡೆಯ ಕಿಟಕಿಯಾದರೂ ಒಡೆಸಿ ಎಂದು ಅತ್ತೆಯ ಮೂಲಕ ಹೇಳಿ ಕಳಿಸಿದೆ. ಅಕ್ಕನಿಗೂ ಒಂದು ಹೊಸ ಒಲೆ ಕಟ್ಟಿಕೊಡುತ್ತೇನೆ, ಈಗ ಐದೇ ಜನ, ಹಿಟ್ಟಿನ ಮಡಕೆಗೂ ಗಟ್ಟಿ ಬಾಯಿ ಮಾಡಬಹುದು ಎಂದೂ ಹೇಳಿಸಿದೆ. "ಮನೆ ಮುರಿದ ಒಲೆ ನನ್ ಪಾಲಲ್ಲಿ ಬ್ಯಾಡ. ಅವ್ಳ ಪ್ಲಾನು ಸಾಕು" ಎಂದು ಭಾವ ಹೇಳಿದರಂತೆ.

ಆಮೇಲಿನ ಐದು ವರ್ಷದ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ನನ್ನ ಒಲೆ ಚೆನ್ನಾಗಿ ಉರಿಯಿತು. ಕಡ್ಡಿ ಅರ್ಧಕ್ಕಿಂತ ಕಡಿಮೆ ಸಾಕಾಯಿತು. ಮಿಕ್ಕ ಹಿಪ್ಪುನೇರಳೆ ಕಡ್ಡಿ ಹಿತ್ತಿಲಲ್ಲಿ ಬಣವೆಯಾಯಿತು. ಮಳೆಗಾಲದಲ್ಲಿ ಅಕ್ಕನ ಮಕ್ಕಳು ಬಂದು ಅದರಲ್ಲಿ ಒಣ ಕಡ್ಡಿ ಎತ್ತಿಕೊಂಡು ಹೋಗುತ್ತಿದ್ದವು, ನಾನು ನೋಡಿಯೂ ನೋಡದ ಹಾಗೆ ಇರುತ್ತಿದ್ದೆ. ಗೋಡೆಗೆ ಸುಣ್ಣ ಹೊಡೆಸಿದೆ, ಅದು ಬಿಳಿಯಾಗಿಯೇ ಉಳಿಯಿತು. ಅತ್ತೆ ಹಿಟ್ಟನ್ನು ಅಲ್ಲಿ ಉಂಡು, ಸಾರು ಇಲ್ಲಿ ಕೇಳುತ್ತಿದ್ದರು. ಊರಿನ ಹೆಂಗಸರು ನೋಡಲು ಬಂದರು. ಗ್ರಾಮಸೇವಕಿ ಬೇರೆ ಊರಿನವರನ್ನೂ ಕರೆತಂದು ತೋರಿಸಿದರು. ಅವರಿಗೆ ನಾನು ಕೊಳವೆ ತಿಂಗಳಿಗೊಮ್ಮೆ ಹೇಗೆ ಗುಡಿಸಬೇಕು ಎಂದು ಹೇಳಿಕೊಡುತ್ತಿದ್ದೆ. ಹೇಳಿಕೊಡುವಾಗ ಗೋಡೆಯ ಆಚೆಯಿಂದ ಕೆಮ್ಮು ಕೇಳುತ್ತಿತ್ತು. ಹಸಿ ಇಟ್ಟಿಗೆಯ ಗೋಡೆ ತೆಳುವಾಗಿತ್ತು.

ನನಗೆ ದುಃಖವಾಗುತ್ತಿರಲಿಲ್ಲ. ಅದನ್ನೇ ಹೇಳಬೇಕು ಎಂದು ಇಷ್ಟು ಬರೆದದ್ದು. ಕಾಲು ಜೋಮು ಹಿಡಿದರೆ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗಿದ್ದೆ. ಕೆಮ್ಮು ಶುರುವಾದರೆ ಹೊತ್ತು ಎಷ್ಟಾಯಿತು ಎಂದು ತಿಳಿಯುತ್ತಿತ್ತು, ನಾನೂ ಒಲೆ ಹಚ್ಚುತ್ತಿದ್ದೆ. ಹಬ್ಬಕ್ಕೆ ಒಬ್ಬಟ್ಟು ಕೊಟ್ಟು ಕಳಿಸುತ್ತಿದ್ದೆ, ಅವಳೂ ಕಳಿಸುತ್ತಿದ್ದಳು. ಬಾವಿಯ ಹತ್ತಿರ ಸಿಕ್ಕರೆ ಮಕ್ಕಳ ಮಾತು, ಹಸುವಿನ ಮಾತು. ಒಲೆಯ ಮಾತು ಇಬ್ಬರೂ ಎತ್ತಲಿಲ್ಲ. ತಪ್ಪು ನನ್ನದು ಎಂದು ಒಳಗೇ ತೀರ್ಮಾನಿಸಿಕೊಂಡು, ಅದರ ಮೇಲೆ ಒಂದು ಕಲ್ಲು ಮುಚ್ಚಿದ್ದೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಆ ವರ್ಷದ ಚಳಿಯಲ್ಲಿ ಅಕ್ಕನಿಗೆ ಮಲಗಲೂ ಆಗದ ಹಾಗಾಯಿತು. ಭಾವ ಮಾವಿನ ಸಸಿ ತರಲೆಂದು ಶ್ರೀನಿವಾಸಪುರಕ್ಕೆ ಹೋಗಿದ್ದರು, ಬರುವುದು ಮಾರನೆಯ ದಿನ. ಅವಳ ಮಗಳು ಬಂದು, "ಚಿಕ್ಕಮ್ಮಾ, ಅಮ್ಮನಿಗೆ ಉಸುರು ಆಡ್ತಾ ಇಲ್ಲ" ಎಂದಳು. ಬೆಳಗಿನ ಬಸ್ಸಿಗೆ ಅವಳನ್ನು ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ನನ್ನ ಕಡೆ ನೋಡಿ, "ಇವ್ರು ಬೀಡಿ ಸೇದ್ತಾರಾ?" ಎಂದರು.

"ಇಲ್ಲ ಸ್ವಾಮಿ, ಒಲೆ" ಎಂದೆ.

ಇಂಜೆಕ್ಷನ್ ಕೊಟ್ಟರು, ಮಾತ್ರೆ ಬರೆದರು. ಹೊಗೆಯಿಂದ ದೂರ ಇರಬೇಕು, ಹೋಗಿರುವುದು ವಾಪಸು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಿ ಎಂದರು. ಮಧ್ಯಾಹ್ನದ ಬಿಸಿಲಿನಲ್ಲಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆವು. ಅವಳಿಗೆ ಸ್ವಲ್ಪ ಹಗುರಾಗಿತ್ತು. ಟೀ ತಂದುಕೊಟ್ಟೆ. ಅವಳು ಕುಡಿಯುತ್ತಿದ್ದಾಗ ನನ್ನ ಬಾಯಿಂದ ತಾನಾಗಿಯೇ ಬಂತು.

"ನಂದು ತಪ್ಪಾಯ್ತಕ್ಕಾ. ಆವತ್ತು ಆ ಚಿಕ್ಕ ಪಾತ್ರೆ ಅಳತೆ ಕೊಡ್ಬಾರ್ದಾಗಿತ್ತು. ಹಾಲುಕ್ಸೋಕ್ ಮುಂಚೆ ಭಾವನಿಗೆ ಸರಿಯಾಗಿ ಹೇಳಿಸ್ಬೇಕಾಗಿತ್ತು."

ಅವಳು ಲೋಟ ಪಕ್ಕಕ್ಕಿಟ್ಟಳು.

"ಪಾತ್ರೆ ಬೆಳಗಿ ಕೊಟ್ಟೋಳು ನಾನೇ ಅಲ್ವೇನೇ?" ಎಂದಳು. "ನನ್ನ ಎದೆಗೋಸ್ಕರ ಕಟ್ತಿದೀಯ ಅಂತ ನಂಗೊತ್ತಿರ್ಲಿಲ್ವಾ? ಆವತ್ತು ಅವ್ರು ಕೇಳ್ದಾಗ ಒಂದ್ ಮಾತು ಹೇಳಿದ್ರೆ ಮುಗ್ದೋಗ್ತಿತ್ತು. ಬೇಕಂತಾನೇ ಹೇಳ್ಲಿಲ್ಲ ಕಣೇ."

ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಅವಳೇ ಮುಂದುವರಿಸಿದಳು.

"ಹದಿಮೂರು ಹದಿನಾಲ್ಕು ವರ್ಷ ಆ ಒಲೆ ಮುಂದೆ ಕೂತಿದ್ದೆ. ಹಿಟ್ಟು ಅಳೆದು ಕೊಡೋರು ಅತ್ತೆ. ಸಾರಿಗೆ ಉಪ್ಪು ನೋಡೋಳು ನೀನು. ಕೊನೇಗ್ ಕಡ್ಡೀನೂ ತೂಕ ಹಾಕೋಕ್ ಬಂದೆ. ನಾನು ಬರೀ ಊದೋಳು. ನಂದೂ ಅಂತ ಒಂದು ಒಲೆ ಆಗ್ತದೆ ಅನ್ನುಸ್ತು, ಬಾಯಿ ಮುಚ್ಕೊಂಡೆ. ಹೊಗೆ ಆದ್ರೆ ಆಗ್ಲಿ ಬಿಡು, ಏನ್ ಬೇಯಿಸ್ಬೇಕೋ ಅದು ನನ್ನಿಷ್ಟ ಅಂತ. ಇಷ್ಟಾಗ್ತದೆ ಅಂತ ಯಾರಿಗ್ ಗೊತ್ತಿತ್ತು."

ನಮ್ಮ ಬಸ್ಸು ಬಂದು ನಿಂತಿತು. ನನಗೆ ಸಿಟ್ಟು ಬಂತು. ಐದು ವರ್ಷದಲ್ಲಿ ಮೊದಲ ಸಲ ಏನೋ ಒಂದು ಬಂತು, ಅದು ಸಿಟ್ಟು. ಊರೆಲ್ಲ ನನ್ನನ್ನು ಮನೆಮುರುಕಿ ಎಂದಿತ್ತು. ದಿನಾ ಬೆಳಿಗ್ಗೆ ಅವಳ ಕೆಮ್ಮಿಗೆ ನಾನೇ ಕಾರಣ ಎಂದುಕೊಂಡು ಎದ್ದಿದ್ದೆ. ಅವಳನ್ನು ಹಿಡಿದು ಅಲ್ಲಾಡಿಸಬೇಕು, ಒಲೆ ಬೇಕಿದ್ದರೆ ನನ್ನನ್ನು ಕೇಳಬಾರದಿತ್ತಾ ಎಂದು ಕಿರುಚಬೇಕು ಅನ್ನಿಸಿತು. ಕೇಳಿದ್ದರೆ ನಾನು ಕೊಡುತ್ತಿದ್ದೆನಾ? ಗೊತ್ತಿಲ್ಲ. ಮೊದಲು ತೂಗಿ ನೋಡೋಣ ತಾಳಕ್ಕಾ ಎನ್ನುತ್ತಿದ್ದೆನೇನೋ.

ಅಷ್ಟರಲ್ಲಿ ಬಸ್ಸಿನ ಹೊಗೆ ಮುಖಕ್ಕೆ ಬಂತು, ಅಕ್ಕನಿಗೆ ಕೆಮ್ಮು ಹತ್ತಿತು. ಬಗ್ಗಿ, ನನ್ನ ಮೊಣಕಾಲು ಹಿಡಿದುಕೊಂಡು ಕೆಮ್ಮಿದಳು. ಸೆರಗಿನಿಂದ ಅವಳ ಮೂಗು ಬಾಯಿ ಮುಚ್ಚಿ, ಇನ್ನೊಂದು ಕೈಯಲ್ಲಿ ಬೆನ್ನು ನೀವುತ್ತಾ ಕೂತೆ. ಕಂಡಕ್ಟರು ಬರ್ತೀರೇನಮ್ಮಾ ಎಂದು ಎರಡು ಸಲ ಕೂಗಿ, ಬಸ್ಸು ಬಿಟ್ಟುಕೊಂಡು ಹೋದ. ನನ್ನ ಸಿಟ್ಟು ಇಳಿದಿರಲಿಲ್ಲ. ಬೆನ್ನು ನೀವುತ್ತಲೇ ಇದ್ದೆ.